ಆಹಾರಪಶುಗಳ ಹಿಂಡುವೈದ್ಯವೂ ಅದರ ಶಿಕ್ಷಣವೂ: ಮಲಪ್ರಭೆಯ ದಂಡೆಯ ನಾಲ್ಕು ತಾಲ್ಲೂಕುಗಳ ನಿದರ್ಶನ

1. ಪೀಠಿಕೆ

ಪಶುವೈದ್ಯ ಶಿಕ್ಷಣವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವ ಚಿತ್ರವೊಂದಿದೆ. ಆಸ್ಪತ್ರೆಯ ಅಂಗಳದಲ್ಲಿ ಕಂಬಗಳ ನಡುವೆ ಒಂದು ಎಮ್ಮೆಯನ್ನು ಕಟ್ಟಿ ನಿಲ್ಲಿಸಲಾಗಿದೆ. ಅಧ್ಯಾಪಕರು ಅದರ ಜ್ವರವನ್ನು ನೋಡಿ, ಹೊಟ್ಟೆಯ ಚಲನೆಯನ್ನು ಆಲಿಸಿ, ರೋಗದ ಹೆಸರನ್ನು ಹೇಳುತ್ತಾರೆ. ಸುತ್ತಲೂ ನಿಂತ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಔಷಧವನ್ನು ಪಡೆದ ಎಮ್ಮೆ ಮನೆಗೆ ಮರಳುತ್ತದೆ. ಈ ಕ್ರಮ ಅಗತ್ಯವಾದುದು. ಒಂದು ಪ್ರಾಣಿಯ ರೋಗವನ್ನು ಗುರುತಿಸಲಾರದವನು ನೂರು ಪ್ರಾಣಿಗಳ ರೋಗವನ್ನು ಗುರುತಿಸಲಾರನು. ಆದರೆ ಹಾಲಿಗಾಗಿ, ಮಾಂಸಕ್ಕಾಗಿ ಸಾಕುವ ಪಶುಗಳ ವಿಷಯದಲ್ಲಿ ಶಿಕ್ಷಣವು ಇಲ್ಲಿಗೇ ನಿಂತರೆ ಅದು ಅರ್ಧ ಶಿಕ್ಷಣವೇ ಸರಿ.

ಏಕೆಂದರೆ ಕುರಿಗಾರನ ಬದುಕು ಒಂದು ಕುರಿಯ ಮೇಲೆ ನಿಂತಿಲ್ಲ, ಹಿಂಡಿನ ಮೇಲೆ ನಿಂತಿದೆ. ಹಿಂಡಿಗೆ ಆಗುವ ನಷ್ಟದಲ್ಲಿ ಬಹುಭಾಗವು ಆಸ್ಪತ್ರೆಯ ಬಾಗಿಲಿಗೆ ಬರುವುದೇ ಇಲ್ಲ. ಗರ್ಭ ಕಟ್ಟದ ಕುರಿ ಕುಂಟುವುದಿಲ್ಲ, ಕೆಮ್ಮುವುದಿಲ್ಲ. ಹುಟ್ಟದೆ ಹೋದ ಮರಿಯನ್ನು ಯಾರೂ ಹೊತ್ತು ತರಲಾರರು. ಕಾಣದ ಈ ನಷ್ಟವನ್ನು ಕಾಣುವಂತೆ ಮಾಡಿ, ಅದರ ಕಾರಣವನ್ನು ಮೇವಿನಲ್ಲಿ, ನೀರಿನಲ್ಲಿ, ಕೊಟ್ಟಿಗೆಯಲ್ಲಿ, ಋತುಮಾನದಲ್ಲಿ ಹುಡುಕಿ, ಖರ್ಚಿಗೆ ತಕ್ಕ ಪರಿಹಾರವನ್ನು ಸೂಚಿಸುವ ಶಾಸ್ತ್ರವನ್ನು ಪ್ರಸ್ತುತ ಲೇಖನದಲ್ಲಿ 'ಹಿಂಡುವೈದ್ಯ'ವೆಂದು ಕರೆಯಲಾಗಿದೆ. ಇದನ್ನು ವಿದ್ಯಾರ್ಥಿಗೆ ಹೇಗೆ ಕಲಿಸಬೇಕೆಂಬುದನ್ನು ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನಿದರ್ಶನದಿಂದ ವಿವರಿಸುವುದು ಇಲ್ಲಿಯ ಉದ್ದೇಶ.

2. ಶಿಕ್ಷಣದ ಹಿನ್ನೆಲೆ

ಹಿಂಡುವೈದ್ಯವು ಹೊಸ ಶಾಸ್ತ್ರವೆಂದು ತೋರಬಹುದು. ವಾಸ್ತವವಾಗಿ ಪಶುವೈದ್ಯ ವಿದ್ಯಾಲಯಗಳ ಹುಟ್ಟಿಗೆ ಅದೂ ಒಂದು ಕಾರಣ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ದನಗಳನ್ನು ದೊಡ್ಡರೋಗವು ಊರೂರಾಗಿ ಕೊಲ್ಲುತ್ತಿದ್ದ ಕಾಲದಲ್ಲಿ, ಫ್ರಾನ್ಸ್ ದೇಶದ ಲಿಯೋಂ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬವರು ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ತೆರೆದರು. 1761ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಮರುವರ್ಷ ಪಾಠಗಳು ಆರಂಭವಾದವು. ಆ ಶಾಲೆಯ ವಿದ್ಯಾರ್ಥಿಗಳನ್ನು ರೋಗ ಹಬ್ಬಿದ ಹಳ್ಳಿಗಳಿಗೇ ಕಳುಹಿಸಲಾಗುತ್ತಿತ್ತು. ಮುಂದೆ ಸೈನ್ಯದ ಕುದುರೆಗಳೂ ನಗರದ ಗಾಡಿಕುದುರೆಗಳೂ ಪ್ರಾಧಾನ್ಯವನ್ನು ಪಡೆದುದರಿಂದ, ಬೆಲೆಯುಳ್ಳ ಒಂದು ಪ್ರಾಣಿಯನ್ನು ಉಳಿಸುವ ವೈದ್ಯವೇ ಪಠ್ಯಕ್ರಮದ ತಿರುಳಾಯಿತು.

ಬೆಳಗಾವಿ ಜಿಲ್ಲೆಯು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಪ್ರಾಂತದ ಪಶುವೈದ್ಯ ಕಾಲೇಜು ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾಗಿತ್ತು. ರಾಜ್ಯ ಪುನರ್ವಿಂಗಡಣೆಯ ತರುವಾಯ 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. 2004ರ ಕಾಯಿದೆಯ ಮೇರೆಗೆ ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಬೆಂಗಳೂರು, ಬೀದರ, ಶಿವಮೊಗ್ಗ, ಹಾಸನ, ಗದಗ ಮೊದಲಾದ ಕಡೆಗಳ ಕಾಲೇಜುಗಳು ಅದರ ಆಡಳಿತದಲ್ಲಿವೆ. ಗದಗಿನ ಕಾಲೇಜು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಹಳ ದೂರದ್ದಲ್ಲ.

ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ನಿಯಮಗಳಂತೆ ಪದವಿಯ ಅವಧಿ ಐದೂವರೆ ವರ್ಷಗಳು. ಅದರಲ್ಲಿ ಕೊನೆಯ ಒಂದು ವರ್ಷ ಪ್ರಾಯೋಗಿಕ ತರಬೇತಿಗೆ ಮೀಸಲು. ಈ ಒಂದು ವರ್ಷವು ಹಿಂಡುವೈದ್ಯದ ದೃಷ್ಟಿಯಿಂದ ಅತ್ಯಮೂಲ್ಯವಾದುದು. ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಹಂದಿಯದು 114 ದಿನಗಳು. ಎಮ್ಮೆಯದು ಸುಮಾರು 310 ದಿನಗಳು. ಅಂದರೆ ಒಂದೇ ಹಿಂಡನ್ನು ಒಂದು ವರ್ಷ ಬಿಡದೆ ನೋಡಿದ ವಿದ್ಯಾರ್ಥಿಯು ಬೆದೆಯಿಂದ ಈಯುವಿಕೆಯವರೆಗಿನ ಪೂರ್ಣ ಚಕ್ರವನ್ನು ಕಣ್ಣಾರೆ ಕಾಣಬಲ್ಲನು. ಹತ್ತು ಊರುಗಳಲ್ಲಿ ಹತ್ತು ದಿನಗಳಂತೆ ಸುತ್ತಿದವನಿಗೆ ಈ ಲಾಭವಿಲ್ಲ.

3. ಹುಟ್ಟದ ಮರಿಯ ಲೆಕ್ಕ

ಹಿಂಡುವೈದ್ಯದ ಮೊದಲ ಪಾಠ ಲೆಕ್ಕದ ಪಾಠ. ವಿವರಣೆಗಾಗಿ ಒಂದು ಹಿಂಡನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಟಗರಿಗೆ ಬಿಟ್ಟ ಹೆಣ್ಣುಕುರಿಗಳು 100. ಇವುಗಳಲ್ಲಿ 12 ಗರ್ಭ ಕಟ್ಟಲಿಲ್ಲ. ಕಟ್ಟಿದ 88ರಲ್ಲಿ 5 ಕಂದು ಹಾಕಿದವು. ಉಳಿದ 83 ಒಂದೊಂದು ಮರಿಯಂತೆ ಈದವು. ಈ 83 ಮರಿಗಳಲ್ಲಿ ಮೂರು ತಿಂಗಳು ತುಂಬುವುದರೊಳಗೆ 13 ಸತ್ತವು. ಕುರಿಗಾರನ ಕೈಗೆ ಬಂದವು 70 ಮರಿಗಳು. ನಷ್ಟವಾದ 30 ಮರಿಗಳಲ್ಲಿ ಆಸ್ಪತ್ರೆಗೆ ಬಂದವು ಬಹುಶಃ ಎರಡೋ ಮೂರೋ. ಅವುಗಳಲ್ಲಿ ಒಂದನ್ನು ಉಳಿಸಿದ ವಿದ್ಯಾರ್ಥಿಗೆ ಸಂತೋಷವಾಗುವುದು ಸಹಜ. ಆದರೆ ಉಳಿದ 29ರ ಕಡೆಗೆ ಅವನ ದೃಷ್ಟಿಯೇ ಹರಿಯಲಿಲ್ಲ.

ಈಗ ಅದೇ ವಿದ್ಯಾರ್ಥಿಯು ಹಿಂಡಿನ ಬಳಿಗೆ ಹೋಗಿ ಪ್ರಶ್ನಿಸಲಿ. ಗರ್ಭ ಕಟ್ಟದ 12 ಕುರಿಗಳು ಮುದಿಯಾದವೇ, ಬಡಕಲಾದವೇ, ಅಥವಾ ಹಿಂಡಿಗೆ ಇದ್ದ ಟಗರು ಸಾಲದಾಯಿತೇ? ಕಂದು ಹಾಕಿದ ಐದು ಕುರಿಗಳು ಗರ್ಭದ ಯಾವ ತಿಂಗಳಲ್ಲಿ ಹಾಕಿದವು? ಸತ್ತ ಮರಿಗಳು ಮೊದಲ ವಾರದಲ್ಲಿ ಸತ್ತವೇ, ಎರಡನೆಯ ತಿಂಗಳಲ್ಲಿಯೇ? ಮೊದಲ ವಾರದ ಸಾವು ಸಾಮಾನ್ಯವಾಗಿ ತಾಯಿಯ ಹಾಲಿನ ಕೊರತೆಯನ್ನು, ಚಳಿಯನ್ನು, ಗಿಣ್ಣದ ಹಾಲು ಹೊತ್ತಿಗೆ ದೊರೆಯದುದನ್ನು ಸೂಚಿಸುತ್ತದೆ. ತಡವಾದ ಸಾವು ಜಂತುಹುಳು, ಕೆಮ್ಮು, ಕರುಳುಬೇನೆಗಳ ಕಡೆಗೆ ಬೆರಳು ತೋರಿಸುತ್ತದೆ. ಹೀಗೆ ಸಾವಿನ ದಿನಾಂಕವೇ ಅರ್ಧ ರೋಗನಿದಾನವಾಗುತ್ತದೆ. ಗರ್ಭದ ಕೊನೆಯ ಆರು ವಾರಗಳಲ್ಲಿ ತಾಯಿಕುರಿಗೆ ಒಂದಿಷ್ಟು ಹೆಚ್ಚಿನ ಮೇವನ್ನು ಒದಗಿಸುವುದು, ಸತ್ತ ಮರಿಗಳ ಶವಪರೀಕ್ಷೆಗಿಂತಲೂ ಅನೇಕ ವೇಳೆ ಹೆಚ್ಚು ಮರಿಗಳನ್ನು ಉಳಿಸಬಲ್ಲದು.

4. ನದಿಯ ಗುಂಟ ನಾಲ್ಕು ಪಾಠಗಳು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಮಲೆನಾಡಿನ ಸೆರಗಿನಿಂದ ಒಣನಾಡಿನವರೆಗೆ ನೆಲ, ಮಳೆ, ಬೆಳೆಗಳೆಲ್ಲ ಬದಲಾಗುತ್ತವೆ. ಅದಕ್ಕೆ ಅನುಗುಣವಾಗಿ ಪಶುಗಳೂ ಅವುಗಳ ರೋಗಗಳೂ ಬದಲಾಗುತ್ತವೆ.

ಕಿತ್ತೂರು: ಮಲೆನಾಡಿನ ಅಂಚಿನ ಈ ತಾಲ್ಲೂಕಿನಲ್ಲಿ ಭತ್ತದ ಗದ್ದೆಗಳೂ ಕೆರೆಗಳೂ ಇವೆ. ನೀರು ನಿಂತಲ್ಲಿ ಬಸವನಹುಳು, ಅದರ ಮೂಲಕ ದನಕರುಗಳ ಪಿತ್ತಕೋಶವನ್ನು ಸೇರುವ ಚಪ್ಪಟೆಹುಳು. ಗದ್ದದ ಕೆಳಗೆ ನೀರು ತುಂಬಿ ಬಾತ ಎಮ್ಮೆಗೆ ಔಷಧ ಕುಡಿಸಿ, ಅದನ್ನು ಮರಳಿ ಅದೇ ಕೆರೆಯಂಚಿಗೆ ಮೇಯಲು ಬಿಟ್ಟರೆ ಚಿಕಿತ್ಸೆಗೆ ಅರ್ಥವಿಲ್ಲ. ಇಲ್ಲಿ ವಿದ್ಯಾರ್ಥಿಯು ಎಮ್ಮೆಯನ್ನಲ್ಲ, ಕೆರೆಯ ದಂಡೆಯನ್ನು ಪರೀಕ್ಷಿಸಲು ಕಲಿಯಬೇಕು. ಧಾರವಾಡಿ ತಳಿಯ ಎಮ್ಮೆಗಳ ನಾಡಿಗೆ ಬೆಳಗಾವಿ ಜಿಲ್ಲೆಯೂ ಸೇರಿದೆ. ಎಮ್ಮೆಯ ಬೆದೆ ಬಹುಮಟ್ಟಿಗೆ ಮೌನವಾದುದು. ರಾತ್ರಿಯ ತಂಪಿನಲ್ಲಿ ಕಾಣಿಸಿ ಬೆಳಗಾಗುವುದರಲ್ಲಿ ಕಾಣದಾಗುವುದೂ ಉಂಟು. ಒಂದು ಬೆದೆ ತಪ್ಪಿದರೆ ಸುಮಾರು 21 ದಿನಗಳ ಮೇವು ವ್ಯರ್ಥ. ಹಾಲು ಉತ್ಪಾದಕರ ಸಂಘದ ದಿನಚರಿ ಪುಸ್ತಕದಲ್ಲಿ ಒಂದು ಮನೆಯ ಹಾಲು ಎಂದು ನಿಂತಿತು, ಎಂದು ಮರಳಿ ಆರಂಭವಾಯಿತು ಎಂಬುದನ್ನು ನೋಡಿದರೆ ಎರಡು ಈಯುವಿಕೆಗಳ ನಡುವಿನ ಅಂತರವು ತಾನಾಗಿ ಹೊರಬೀಳುತ್ತದೆ.

ಬೈಲಹೊಂಗಲ: ಇದು ಎರೆಭೂಮಿಯ ತಾಲ್ಲೂಕು, ಹತ್ತಿ, ಜೋಳ, ಕಬ್ಬುಗಳ ನಾಡು. ಮುಂಗಾರು ಬಿದ್ದು ಹಸಿರು ಚಿಗುರಿದಾಗ ಆರು ತಿಂಗಳಿಂದ ಎರಡು ವರ್ಷದೊಳಗಿನ, ಅದೂ ಮೈತುಂಬಿದ ಕರುಗಳನ್ನೇ ಆರಿಸಿಕೊಂಡಂತೆ ಚಪ್ಪೆರೋಗವು ಬಡಿಯುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಗಳಲೆ ರೋಗವೂ ಇದೇ ಕಾಲದ್ದು. ಅದು ಎಮ್ಮೆಗಳಿಗೆ ಹೆಚ್ಚು ಮಾರಕ. ಎರಡಕ್ಕೂ ಮಳೆಗಾಲದ ಮೊದಲೇ ಚುಚ್ಚುಮದ್ದು ಬೀಳಬೇಕು. ಜೂನ್ ಕಳೆದ ಮೇಲೆ ಬರುವ ಲಸಿಕೆಯು ರೈತನ ಪಾಲಿಗೆ ಸಮಾಧಾನವೇ ಹೊರತು ರಕ್ಷಣೆಯಲ್ಲ. ಇನ್ನು ಕಬ್ಬಿನ ಹಂಗಾಮಿನಲ್ಲಿ ಸೋಗೆಯೇ ಮುಖ್ಯ ಮೇವಾಗುತ್ತದೆ. ಸೋಗೆಯಲ್ಲಿ ಸಸಾರಜನಕ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುತ್ತದೆ. ಹಾಲು ಇಳಿದ, ಬೆದೆಗೆ ಬಾರದ ಹಸುವಿನ ರೋಗವು ಅದರ ದೇಹದಲ್ಲಲ್ಲ, ಗೋದಲಿಯಲ್ಲಿ ಇರಬಹುದೆಂಬುದನ್ನು ಈ ತಾಲ್ಲೂಕು ಚೆನ್ನಾಗಿ ಕಲಿಸುತ್ತದೆ.

ಸವದತ್ತಿ: ಇಲ್ಲಿಯ ಪಾಠ ಸಂಚಾರದ ಪಾಠ. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿನ ಬಯಲಿನಲ್ಲಿ ಕುರಿಹಿಂಡುಗಳು ಮೇಯುತ್ತವೆ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಭಕ್ತರು ಲಕ್ಷಗಟ್ಟಲೆ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಬೇರೆಬೇರೆ ಊರುಗಳ ಎತ್ತುಗಳು ಒಂದೇ ಬಯಲಿನಲ್ಲಿ ಇಳಿದು, ಒಂದೇ ನೀರನ್ನು ಕುಡಿದು, ವಾರದೊಳಗೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತವೆ. ಕಾಲುಬಾಯಿ ಬೇನೆಯಂಥ ರೋಗಕ್ಕೆ ಇದಕ್ಕಿಂತ ಅನುಕೂಲವಾದ ವಾಹನ ಮತ್ತೊಂದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ರೋಗನಿಯಂತ್ರಣ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಈ ಬೇನೆಯ ಲಸಿಕೆಯನ್ನೂ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಕಂದುರೋಗದ ಲಸಿಕೆಯನ್ನೂ ಹಾಕುವ ಏರ್ಪಾಡಿದೆ. 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆಗಳಿಗೆ ನಿರ್ಬಂಧ ಹಾಕಬೇಕಾಯಿತು. ಜಾತ್ರೆಯ ಪಂಚಾಂಗವನ್ನು ಅರಿಯದವನು ಲಸಿಕೆಯ ವೇಳಾಪಟ್ಟಿಯನ್ನು ಬರೆಯಲಾರನು.

ರಾಮದುರ್ಗ: ನಾಲ್ಕರಲ್ಲಿ ಅತ್ಯಂತ ಒಣನೆಲ ಇದು. ಇಲ್ಲಿ ಜೋಳದ ಕಣಿಕೆಯೂ ಕುರಿಯೂ ಬದುಕಿನ ಆಧಾರ. ಸುಗ್ಗಿ ಮುಗಿದ ಮೇಲೆ ರೈತನು ತನ್ನ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾನೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರಿಗಾರನಿಗೆ ಕಾಳು ಅಥವಾ ಹಣ. ಈ ಹಳೆಯ ಒಪ್ಪಂದದಲ್ಲಿ ಎರಡು ಅಪಾಯಗಳಿವೆ. ಉದುರಿದ ಕಾಳನ್ನು ಒಮ್ಮೆಲೇ ಹೊಟ್ಟೆ ತುಂಬ ತಿಂದ ಕುರಿಗಳು ಹುಳಿಯೇರಿ, ಇಲ್ಲವೆ ಕರುಳುನಂಜಿನಿಂದ, ರಾತ್ರಿ ಬೆಳಗಾಗುವುದರಲ್ಲಿ ಸಾಯಬಹುದು. ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿದಾಗ, ಅಥವಾ ಮಳೆ ತಪ್ಪಿ ಎಳೆಯ ಜೋಳ ಬಾಡಿ ನಿಂತಾಗ, ಅದರಲ್ಲಿ ಸಯನೈಡ್ ವಿಷ ಕೂಡಿಕೊಂಡಿರುತ್ತದೆ. ಇದಕ್ಕೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್‌ಗಳ ಚಿಕಿತ್ಸೆಯುಂಟು. ಆದರೆ ನಿಮಿಷಗಳಲ್ಲಿ ಬೀಳುವ ಹಿಂಡಿನಲ್ಲಿ ಎಷ್ಟು ಕುರಿಗಳ ರಕ್ತನಾಳವನ್ನು ಹಿಡಿಯಲು ಸಾಧ್ಯ? ಹಿಂಡು ಹೊಲವನ್ನು ಹೊಗುವ ಮೊದಲು ಹೇಳಿದ ಒಂದು ಮಾತೇ ಇಲ್ಲಿ ಔಷಧ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರವು ರಾಮದುರ್ಗಕ್ಕೆ ನುಗ್ಗಿದುದು ಅನೇಕರಿಗೆ ನೆನಪಿರಬಹುದು. ಒಣನೆಲದಲ್ಲಿಯೂ ನೆರೆಯ ತರುವಾಯ ಗಳಲೆ ರೋಗವನ್ನೂ ಜಂತುಬಾಧೆಯನ್ನೂ ನಿರೀಕ್ಷಿಸಬೇಕಾಗುತ್ತದೆ.

5. ಹಂದಿಯ ಪಾಠ

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಕುರಿಗಳು ಸುಮಾರು 110 ಲಕ್ಷ, ದನಗಳು ಸುಮಾರು 85 ಲಕ್ಷ, ಆಡುಗಳು ಸುಮಾರು 62 ಲಕ್ಷ, ಎಮ್ಮೆಗಳು ಸುಮಾರು 30 ಲಕ್ಷ. ಹಂದಿಗಳಾದರೋ ಮೂರು ಲಕ್ಷಕ್ಕೆ ತುಸು ಹೆಚ್ಚು. ಸಂಖ್ಯೆಯಲ್ಲಿ ಅಲ್ಪವಾದ ಹಂದಿಯು ಬೋಧನೆಯಲ್ಲಿಯೂ ಅಲ್ಪಸ್ಥಾನವನ್ನು ಪಡೆದಿದೆ. ನಮ್ಮ ಊರುಗಳಲ್ಲಿ ಕೆಲವೇ ಕುಟುಂಬಗಳು ಅದನ್ನು ಸಾಕುತ್ತವೆ; ಉಳಿದವರು ಅದನ್ನು ಪಶುಸಂಪತ್ತೆಂದು ಎಣಿಸುವುದೇ ಅಪರೂಪ. ಆದರೆ ಹಿಂಡುವೈದ್ಯದ ತತ್ವಗಳನ್ನು ಹಂದಿಯಷ್ಟು ಶೀಘ್ರವಾಗಿ ಕಲಿಸುವ ಪ್ರಾಣಿ ಇನ್ನೊಂದಿಲ್ಲ. ಅದು ವರ್ಷಕ್ಕೆ ಎರಡು ಸಲ ಈಯಬಲ್ಲದು. ಒಂದು ಸೂಲಿಗೆ ಎಂಟು, ಹತ್ತು ಮರಿಗಳು. ಹುಟ್ಟಿದ ಮರಿಯಲ್ಲಿ ಕಬ್ಬಿಣದಂಶದ ಸಂಗ್ರಹವು ಅತ್ಯಲ್ಪ. ಕೊಟ್ಟಿಗೆಯಲ್ಲಿ ಕೂಡಿಹಾಕಿ ಸಾಕುವಾಗ ಮೊದಲ ಕೆಲವು ದಿನಗಳಲ್ಲಿ ಕಬ್ಬಿಣದ ಚುಚ್ಚುಮದ್ದು ಬೀಳದಿದ್ದರೆ ಮರಿಗಳು ಬಿಳಿಚಿಕೊಂಡು ಕ್ಷೀಣಿಸುತ್ತವೆ. ಒಂದು ತಂಡದ ಮರಿಗಳೆಲ್ಲ ಒಟ್ಟಿಗೆ ಕೊಟ್ಟಿಗೆಯನ್ನು ಸೇರಿ, ಒಟ್ಟಿಗೆ ಹೊರಬಿದ್ದು, ನಡುವೆ ಕೊಟ್ಟಿಗೆಯನ್ನು ತೊಳೆದು ಒಣಗಿಸುವ ಪದ್ಧತಿಯು ಜಗತ್ತಿನ ಹಂದಿಸಾಕಣೆಯಲ್ಲಿ ಔಷಧಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಿದೆ. ಒಂದು ತಪ್ಪಿನ ಫಲವನ್ನೂ ಒಂದು ತಿದ್ದುಪಡಿಯ ಫಲವನ್ನೂ ವಿದ್ಯಾರ್ಥಿಯು ತನ್ನ ತರಬೇತಿಯ ವರ್ಷದೊಳಗೇ ಇಲ್ಲಿ ನೋಡಬಲ್ಲನು.

ಹಂದಿಯನ್ನು ಅಲಕ್ಷಿಸುವುದು ಮನುಷ್ಯನಿಗೂ ಕ್ಷೇಮವಲ್ಲ. ಬಯಲಿನಲ್ಲಿ ಮಲವಿಸರ್ಜನೆಯಾಗುವಲ್ಲಿ ತಿರುಗುವ ಹಂದಿಯ ದೇಹದಲ್ಲಿ ಲಾಡಿಹುಳುವಿನ ಕೋಶಗಳು ಬೆಳೆಯುತ್ತವೆ. ಹುಳುವಿನ ತತ್ತಿಯು ಮನುಷ್ಯನ ಹೊಟ್ಟೆಯನ್ನು ಸೇರಿದರೆ ಅದೇ ಕೋಶಗಳು ಮಿದುಳಿನಲ್ಲಿ ನೆಲೆಸಿ ಮೂರ್ಛೆರೋಗವನ್ನು ತರಬಲ್ಲವು. ಮಲೇಷಿಯಾದಲ್ಲಿ 1998 ಮತ್ತು 1999ರಲ್ಲಿ ನಿಪಾ ವೈರಸ್ಸು ಹಂದಿಗಳ ಮೂಲಕ ಮನುಷ್ಯರಿಗೆ ಹಬ್ಬಿ 105 ಜನರ ಪ್ರಾಣವನ್ನು ತೆಗೆದುಕೊಂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು. ಆಫ್ರಿಕದ ಹಂದಿಜ್ವರವು ಮನುಷ್ಯನನ್ನು ಬಾಧಿಸದಿದ್ದರೂ ಹಂದಿಗಳಿಗೆ ಮಾರಕವಾದುದು. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿದ ಈ ರೋಗವು ಮುಂದೆ ಕರ್ನಾಟಕವನ್ನೂ ತಲುಪಿತು. ಇದಕ್ಕೆ ಚಿಕಿತ್ಸೆಯಿಲ್ಲ. ಉಣಿಸುವ ಎಂಜಲು ಆಹಾರವನ್ನು ಕುದಿಸುವುದು, ಹೊಸ ಹಂದಿಯನ್ನು ಕೆಲಕಾಲ ಬೇರೆ ಇರಿಸುವುದು, ಹೊರಗಿನವರ ಓಡಾಟವನ್ನು ತಡೆಯುವುದು, ಇವೇ ರಕ್ಷೆ. ವೈದ್ಯನನ್ನೇ ಕಾಣದ ಕುಟುಂಬದ ಅಂಗಳಕ್ಕೆ ಹೋಗಿ ಗೌರವದಿಂದ ಕುಳಿತು ಮಾತನಾಡಬಲ್ಲ ವಿದ್ಯಾರ್ಥಿಯಿಂದ ಮಾತ್ರ ಈ ರಕ್ಷೆ ಅಲ್ಲಿಗೆ ಮುಟ್ಟೀತು.

6. ಔಷಧದ ಮಿತಿ

ಹಿಂಡುವೈದ್ಯವೆಂದರೆ ಇಡೀ ಹಿಂಡಿಗೆ ಔಷಧ ಕುಡಿಸುವುದೆಂಬ ಭ್ರಮೆಯೊಂದಿದೆ. ಸತ್ಯವು ಇದಕ್ಕೆ ವಿರುದ್ಧವಾಗಿದೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹಿಮಾಂಕಸ್ ಎಂಬ ಹುಳುವಿಗಾಗಿ ಇಡೀ ಹಿಂಡಿಗೆ ಪದೇಪದೇ ಔಷಧ ಕೊಟ್ಟುದರಿಂದ, ಔಷಧಕ್ಕೆ ಬಗ್ಗದ ಹುಳುಗಳೇ ಅನೇಕ ದೇಶಗಳಲ್ಲಿ ಉಳಿದುಕೊಂಡವು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಇದಕ್ಕೊಂದು ಸುಲಭ ಮಾರ್ಗವನ್ನು ಕಂಡುಹಿಡಿದರು. ಕುರಿಯ ಕೆಳರೆಪ್ಪೆಯನ್ನು ಬಿಡಿಸಿ ಒಳಗಿನ ಬಣ್ಣವನ್ನು ಐದು ಛಾಯೆಗಳ ಪಟ್ಟಿಯೊಂದಿಗೆ ಹೋಲಿಸಿ, ಬಿಳಿಚಿದ ಕುರಿಗಳಿಗೆ ಮಾತ್ರ ಔಷಧ ಕೊಡುವುದು. ಉಳಿದ ಕುರಿಗಳಲ್ಲಿರುವ ಹುಳುಗಳು ಔಷಧಕ್ಕೆ ಬಗ್ಗುವ ಸ್ವಭಾವವನ್ನು ಕಾಪಾಡಿಕೊಳ್ಳುತ್ತವೆ. ಯಾವುದಕ್ಕೆ ಔಷಧ ಬೇಡ ಎಂಬುದನ್ನು ನಿರ್ಣಯಿಸುವುದೂ ವೈದ್ಯವೇ ಎಂಬ ತತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಆಹಾರಪಶುವಿಗೆ ಕೊಟ್ಟ ಔಷಧದ ಪ್ರಯಾಣ ಆ ಪಶುವಿನಲ್ಲಿ ಮುಗಿಯುವುದಿಲ್ಲ. ಕೆಚ್ಚಲು ಬಾವಿಗೆ ಕೊಟ್ಟ ಪ್ರತಿಜೈವಿಕವು ಹಾಲಿನೊಂದಿಗೆ ಮಗುವಿನ ಬಟ್ಟಲನ್ನು ಸೇರುತ್ತದೆ. ಔಷಧದ ಮೇಲೆ ನಮೂದಿಸಿದಷ್ಟು ದಿನ ಆ ಹಾಲನ್ನು ಮಾರಬಾರದೆಂದು ಹೇಳುವುದು ಸುಲಭ. ಆ ದಿನಗಳ ನಷ್ಟವನ್ನು ಹೊರಬೇಕಾದ ಬಡ ರೈತನಿಗೆ ಅದನ್ನು ಒಪ್ಪಿಸುವುದು ಕಷ್ಟ. ಡಿಕ್ಲೋಫೆನ್ಯಾಕ್ ಪಡೆದ ದನಗಳ ಶವವನ್ನು ತಿಂದು ರಣಹದ್ದುಗಳು ನಾಶವಾದುದರಿಂದ ಭಾರತವು 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಮನುಷ್ಯನ ಕೊನೆಯ ಆಸರೆಯೆನಿಸಿದ ಕೊಲಿಸ್ಟಿನ್ ಔಷಧವನ್ನು 2019ರಲ್ಲಿ ಆಹಾರಪಶುಗಳಿಗೆ ನಿಷೇಧಿಸಲಾಯಿತು. ಹಂದಿಸಾಕಣೆಯಲ್ಲಿ ಅಗ್ರಸ್ಥಾನದಲ್ಲಿರುವ ಡೆನ್ಮಾರ್ಕ್ ದೇಶವು ಬೆಳವಣಿಗೆಗಾಗಿ ಮೇವಿನಲ್ಲಿ ಪ್ರತಿಜೈವಿಕ ಬೆರೆಸುವುದನ್ನು ಕಳೆದ ಶತಮಾನದ ಅಂತ್ಯದಲ್ಲಿಯೇ ನಿಲ್ಲಿಸಿಯೂ ತನ್ನ ಉದ್ಯಮವನ್ನು ಉಳಿಸಿಕೊಂಡಿದೆ.

7. ಬೋಧನಕ್ರಮ

ಮೇಲಿನ ವಿವೇಚನೆಯಿಂದ ಬೋಧನೆಗೆ ಸಂಬಂಧಿಸಿದ ಕೆಲವು ಸೂಚನೆಗಳು ಹೊರಡುತ್ತವೆ.

ಮೊದಲನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ತರಬೇತಿಯ ವರ್ಷದಲ್ಲಿ ಒಂದು ಕುರಿಹಿಂಡನ್ನೂ ಹಾಲಿನ ಪಶುಗಳ ಒಂದು ಓಣಿಯನ್ನೂ ಒಪ್ಪಿಸಬೇಕು. ತಿಂಗಳಿಗೊಮ್ಮೆಯಾದರೂ ಅವನು ಅಲ್ಲಿಗೆ ಹೋಗಿ, ರೋಗವಿರಲಿ ಇಲ್ಲದಿರಲಿ, ಲೆಕ್ಕವನ್ನು ಬರೆಯಬೇಕು.

ಎರಡನೆಯದಾಗಿ, ಕುರಿಗಾರನನ್ನು ಮೊದಲ ಗುರುವೆಂದು ತಿಳಿಯಬೇಕು. ಬರಹ ಬಾರದ ಹಿರಿಯ ಕುರಿಗಾರನು ಪ್ರತಿಯೊಂದು ಕುರಿಯನ್ನು ಮುಖದಿಂದ ಗುರುತಿಸಬಲ್ಲನು. ಅದರ ತಾಯಿ ಯಾವುದು, ಅದು ಎಷ್ಟನೆಯ ಸೂಲು ಎಂಬುದನ್ನು ಹೇಳಬಲ್ಲನು. 'ಅಜ್ಜಾರ, ಈ ಸಲ ಎಷ್ಟು ಮರಿ ಕೈಗೆ ಬಂದುವರಿ?' ಎಂದು ಕೇಳುವ ವಿದ್ಯಾರ್ಥಿಗೆ ದೊರೆಯುವ ಉತ್ತರವು ಪ್ರಯೋಗಶಾಲೆಯ ವರದಿಗಿಂತ ಕೆಲವೊಮ್ಮೆ ಮಿಗಿಲು.

ಮೂರನೆಯದಾಗಿ, ಸತ್ತ ಪ್ರಾಣಿಯಿಂದ ಕಲಿಯುವುದನ್ನು ಅಭ್ಯಾಸ ಮಾಡಿಸಬೇಕು. ಅದರೊಂದಿಗೆ ಒಂದು ಕಟ್ಟುನಿಟ್ಟಾದ ನಿಷೇಧವನ್ನೂ ಕಲಿಸಬೇಕು. ಹಠಾತ್ತಾಗಿ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿರೋಗವಿರಬಹುದು. ಆ ಶವವನ್ನು ಎಂದಿಗೂ ಕೊಯ್ಯಬಾರದು. ಕಿವಿಯ ನಾಳದಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು, ಶವವನ್ನು ಸುಣ್ಣದೊಂದಿಗೆ ಆಳವಾಗಿ ಹೂಳಿಸಬೇಕು. ತೆರೆದ ಶವದಿಂದ ನೆಲಕ್ಕಿಳಿದ ಬೀಜಾಣುಗಳು ದಶಕಗಳ ಕಾಲ ಉಳಿಯುತ್ತವೆ.

ನಾಲ್ಕನೆಯದಾಗಿ, ಪರೀಕ್ಷೆಯ ಪ್ರಶ್ನೆಯೇ ಬದಲಾಗಬೇಕು. 'ಈ ಪ್ರಾಣಿಯ ರೋಗವಾವುದು?' ಎಂಬುದರ ಜೊತೆಗೆ, 'ಈ ಹಿಂಡು ಕಳೆದುಕೊಂಡ 30 ಮರಿಗಳಲ್ಲಿ, ಮುಂದಿನ ವರ್ಷ ಅತ್ಯಂತ ಕಡಿಮೆ ಖರ್ಚಿನಲ್ಲಿ ಉಳಿಸಬಹುದಾದ ಹತ್ತು ಯಾವುವು?' ಎಂದು ಕೇಳಬೇಕು. ಉತ್ತರವನ್ನು ಅಧ್ಯಾಪಕರಿಗೆ ಬರೆದುಕೊಟ್ಟರೆ ಸಾಲದು. ಹಿಂಡಿನ ಒಡೆಯನಿಗೆ ಅವನ ಮಾತಿನಲ್ಲಿ ತಿಳಿಯುವಂತೆ ಹೇಳಿ ಒಪ್ಪಿಸಬೇಕು. ಅವನು ಒಪ್ಪದ ಸಲಹೆ ಶಾಸ್ತ್ರೀಯವಾಗಿ ಎಷ್ಟೇ ಸರಿಯಾಗಿದ್ದರೂ ಹಿಂಡಿನ ಪಾಲಿಗೆ ಇಲ್ಲದಂತೆಯೇ.

8. ಉಪಸಂಹಾರ

ಲಿಯೋಂ ನಗರದ ವಿದ್ಯಾರ್ಥಿಗಳು ಎದುರಿಸಿದ ದೊಡ್ಡರೋಗವು ನಮ್ಮ ನಾಡಿನ ಕೊಟ್ಟಿಗೆಗಳನ್ನೂ ತಲೆಮಾರುಗಳ ಕಾಲ ಬರಿದುಮಾಡಿತ್ತು. ಭಾರತದಲ್ಲಿ ಅದು ಕೊನೆಯದಾಗಿ ಕಾಣಿಸಿಕೊಂಡುದು 1995ರಲ್ಲಿ. 2006ರಲ್ಲಿ ಭಾರತವು ಅದರಿಂದ ಮುಕ್ತವೆಂದು ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಘೋಷಿಸಲಾಯಿತು. ಆ ರೋಗಕ್ಕೆ ಔಷಧವು ಕೊನೆಯವರೆಗೂ ದೊರೆಯಲಿಲ್ಲ. ಬಿದ್ದ ಒಂದು ದನವನ್ನು ಎತ್ತಿ ನಿಲ್ಲಿಸಿ ಗೆದ್ದ ಗೆಲವು ಅದಲ್ಲ. ಊರೂರು ತಿರುಗಿ ಲಸಿಕೆ ಹಾಕಿ, ರೋಗವಿಲ್ಲದ ಕಡೆಯಲ್ಲಿಯೂ ಹುಡುಕಿ, ಲೆಕ್ಕವನ್ನು ಬಿಡದೆ ಬರೆದು ಗಳಿಸಿದ ಗೆಲವು. ಇದೇ ಬಗೆಯಲ್ಲಿ ಕುರಿ ಆಡುಗಳ ಪಿ.ಪಿ.ಆರ್. ರೋಗವನ್ನು 2030ರೊಳಗೆ ನಿರ್ಮೂಲ ಮಾಡಬೇಕೆಂಬ ಗುರಿಯನ್ನು ಜಗತ್ತು ಇಟ್ಟುಕೊಂಡಿದೆ. ಆ ಕಾರ್ಯದ ಭಾರವು ಇಂದು ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗಳ ಮೇಲಿದೆ.

ಕಿತ್ತೂರಿನ ಕೆರೆಯಂಚು, ಬೈಲಹೊಂಗಲದ ಗೋದಲಿ, ಸವದತ್ತಿಯ ಜಾತ್ರೆಯ ಬಯಲು, ರಾಮದುರ್ಗದ ಕೂಳೆಹೊಲ, ಇವು ಅವರ ಪಾಠಶಾಲೆಗಳಾಗಬೇಕು. ಅಲ್ಲಿ ಕಲಿತವನು ಆಸ್ಪತ್ರೆಗೆ ಬಂದ ಕುರಿಯನ್ನು ಪರೀಕ್ಷಿಸಿದ ಮೇಲೆ, ಅದರ ಒಡೆಯನನ್ನು ಬಾರದೆ ಉಳಿದ ಕುರಿಗಳ ವಿಷಯವಾಗಿಯೂ ವಿಚಾರಿಸುವನು. ಅಷ್ಟು ಸಾಧ್ಯವಾದರೆ ಶಿಕ್ಷಣವು ತನ್ನ ಉದ್ದೇಶವನ್ನು ಮುಟ್ಟಿತೆಂದು ತಿಳಿಯಬಹುದು.